‘ಸುಮ್ನೆ ಹೆಸರಿಗೆ ಆರ್‌ಎಸ್‌ಒ ಆಗು’ ಅಂತಿದ್ದಾರೆ, ಒಪ್ಪಿಕೊಳ್ಳಲಾ?

ಶಿರಸಿಯಿಂದ ಪ್ರಶ್ನೆ:

ನಾನು ಇಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷ ಆಯಿತು. ಇಲ್ಲಿ ಆರ್‌ಎಸ್‌ಒ, ಅಂದರೆ ವಿಕಿರಣ ಸುರಕ್ಷತಾ ಅಧಿಕಾರಿ ಆಗಿದ್ದವರು ಕೆಲಸ ಬಿಟ್ಟರು. “ನೀನೇ ಆಗು, ಸುಮ್ನೆ ಹೆಸರಿಗೆ” ಅನ್ನುತ್ತಿದ್ದಾರೆ. ಸಹಿ ಹಾಕಲು ಭಯ. ನಾನು ಅದಕ್ಕೆ ಲಾಯಕ್ಕು ಅಂತ ತೀರ್ಮಾನ ಮಾಡುವವರು ಯಾರು? ಪರೀಕ್ಷೆ ಇದೆಯಾ? ಗೊತ್ತಿದ್ದವರು ಹೇಳಿ.

ಕಾರವಾರದಿಂದ:

ತಂಗಿ, ನಾನು ಒಂಬತ್ತು ವರ್ಷದಿಂದ ಈ ಜವಾಬ್ದಾರಿಯಲ್ಲಿದ್ದೇನೆ. ಒಪ್ಪಿಕೋ. ಆದರೆ ‘ಹೆಸರಿಗೆ’ ಅನ್ನುವ ಮಾತನ್ನು ಒಪ್ಪಬೇಡ.

ತೀರ್ಮಾನ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ನಾವೆಲ್ಲ ಎಇಆರ್‌ಬಿ ಅನ್ನುತ್ತೇವಲ್ಲ, ಅದೇ. ಆಸ್ಪತ್ರೆ ಹೆಸರು ಸೂಚಿಸುತ್ತದೆ ಅಷ್ಟೇ. ಮೊದಲು ಮಂಡಳಿಯ ಇ-ಲೋರಾ ಅನ್ನುವ ಆನ್‌ಲೈನ್ ಪೋರ್ಟಲಿನಲ್ಲಿ ನಿನ್ನ ನೋಂದಣಿ ಆಗಬೇಕು, ಆಮೇಲೆ ಆಸ್ಪತ್ರೆಯ ಕಡೆಯಿಂದ ಅರ್ಜಿ. ಸಿಗುವ ಒಪ್ಪಿಗೆ ಆ ಆಸ್ಪತ್ರೆಗೆ ಮಾತ್ರ. ನಾಳೆ ಬೇರೆ ಕಡೆ ಸೇರಿದರೆ ಅಲ್ಲಿಂದ ಮತ್ತೆ ಅರ್ಜಿ ಹೋಗಬೇಕು. ಎಕ್ಸ್‌ರೇಗೆ ನಿನ್ನ ಓದು, ಅನುಭವ ನೋಡುತ್ತಾರೆ. ದೊಡ್ಡ ಪರೀಕ್ಷೆ ಇರುವುದು ಕ್ಯಾನ್ಸರ್ ಚಿಕಿತ್ಸೆಯ ರೇಡಿಯೊಥೆರಪಿಗೆ. ಅಲ್ಲಿ ಮೆಡಿಕಲ್ ಫಿಸಿಕ್ಸ್ ಓದಿ, ಇಂಟರ್ನ್‌ಶಿಪ್ ಮುಗಿಸಿರಬೇಕು.

ಕಾಗದದ ವಿಷಯ ಇಷ್ಟು. ಕೆಲಸದ ವಿಷಯ ಬೇರೆಯೇ. ನಾನು ಮೊದಲ ವಾರ ವಿಕಿರಣ ತಡೆಯುವ ಲೆಡ್ (ಸೀಸದ) ಏಪ್ರನ್ ಒಂದನ್ನು ಟೇಬಲ್ ಮೇಲೆ ಹಾಸಿ ಎಕ್ಸ್‌ರೇ ತೆಗೆದು ನೋಡಿದೆ. ಹೊಟ್ಟೆಯ ಭಾಗದಲ್ಲಿ ಅಡ್ಡಕ್ಕೆ ಉದ್ದನೆಯ ಬಿರುಕು! ಹೊರಗಿನ ಬಟ್ಟೆ ಹೊಸದರ ಹಾಗೇ ಇತ್ತು. ವರ್ಷಗಟ್ಟಲೆ ಅದನ್ನು ಮಡಚಿ ಸ್ಟೂಲಿನ ಮೇಲೆ ಇಡುತ್ತಿದ್ದರು. ಅದನ್ನು ಹಾಕಿಕೊಂಡು ರೋಗಿಯನ್ನು ಹಿಡಿದು ನಿಂತವರು ಎಷ್ಟು ಜನವೋ! ಅವತ್ತೇ ತೆಗೆದಿಟ್ಟೆ, ಗೋಡೆಗೆ ದಪ್ಪ ಹ್ಯಾಂಗರ್ ಹಾಕಿಸಿದೆ. ಟಿಎಲ್‌ಡಿ ಬ್ಯಾಡ್ಜುಗಳನ್ನೂ ನೋಡು, ಮೈಗೆ ತಗುಲಿದ ವಿಕಿರಣ ಅಳೆಯುವುದು ಅವೇ. ಎದೆಯ ಮೇಲೆ, ಏಪ್ರನ್ ಒಳಗೆ ಹಾಕಬೇಕು. ಜೊತೆಗೆ ಬರುವ ಕಂಟ್ರೋಲ್ ಬ್ಯಾಡ್ಜ್ ಯಾರೂ ಹಾಕಿಕೊಳ್ಳುವುದಲ್ಲ, ಹೋಲಿಸಿ ನೋಡಲು ಇರುವುದು; ಅದು ಎಕ್ಸ್‌ರೇ ರೂಮಿನಲ್ಲಿ ಇರಲೇಬಾರದು. ಇದ್ದರೆ ಮೂರು ತಿಂಗಳ ಲೆಕ್ಕವೇ ಹಾಳು.

ಹೊನ್ನಾವರದಿಂದ:

ನಾನು ಪೈಪ್ ವೆಲ್ಡಿಂಗಿನ ರೇಡಿಯೊಗ್ರಫಿಯಲ್ಲಿದ್ದವನು, ಅಂದರೆ ವಿಕಿರಣದಿಂದ ಚಿತ್ರ ತೆಗೆದು ಬೆಸುಗೆ ಪರೀಕ್ಷಿಸುವ ಕೆಲಸ. ನಿಮ್ಮ ಮಷಿನ್ ಸ್ವಿಚ್ ಆಫ್ ಮಾಡಿದರೆ ವಿಕಿರಣ ನಿಂತಿತು. ನಮ್ಮ ಸೋರ್ಸ್, ಅಂದರೆ ತಾನಾಗಿ ವಿಕಿರಣ ಸೂಸುವ ಇರಿಡಿಯಂ-192, ನಿಲ್ಲುವುದಿಲ್ಲ, ಅರ್ಧಕ್ಕೆ ಇಳಿಯಲು 74 ದಿನ ಬೇಕು. ಪ್ರತಿ ಸಲ ಸೋರ್ಸ್ ತನ್ನ ಪೆಟ್ಟಿಗೆಯಾದ ಕ್ಯಾಮೆರಾ ಒಳಗೆ ವಾಪಸ್ ಹೋಯಿತಾ ಅಂತ ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದೇ ನೋಡಬೇಕು. ಒಂದು ರಾತ್ರಿ ಮೀಟರಿನ ಬ್ಯಾಟರಿ ಸತ್ತಿತ್ತು. ಇನ್ನು ನಾಲ್ಕೇ ಜಾಯಿಂಟ್, ಮುಗಿಸಿಬಿಡಿ ಅಂತ ಸೂಪರ್‌ವೈಸರ್ ಒತ್ತಾಯ ಮಾಡಿದರು. ನಮ್ಮ ಆರ್‌ಎಸ್‌ಒ ಕ್ಯಾಮೆರಾಕ್ಕೆ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡರು. ಬೆಳಿಗ್ಗೆ ಬೈಗುಳ ಅವರೇ ತಿಂದರು. ಅವರ ಸರ್ಟಿಫಿಕೇಟ್ ನಾನು ನೋಡಿಲ್ಲ ಮೇಡಂ. ಆದರೆ ಆ ರಾತ್ರಿ ನೋಡಿದ್ದೇನೆ.

ಮಲ್ಲಾಪುರದಿಂದ:

ಕೈಗಾದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದೇ ಮಾತು ಸೇರಿಸುತ್ತೇನೆ. ಕೆಲಸಗಾರರಿಗೆ ತಗುಲಬಹುದಾದ ವಿಕಿರಣದ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಎಕ್ಸ್‌ರೇ ರೂಮಿನಲ್ಲಿ ಅದರ ಹತ್ತಿರಕ್ಕೂ ಹೋಗಬಾರದು. ಹೋದರೆ ಏನೋ ತಪ್ಪಿದೆ ಅಂತಲೇ ತಿಳಿಯಿರಿ. ಅಪಾಯ ಕಂಡರೆ ಆಸ್ಪತ್ರೆಗೂ ಮಂಡಳಿಗೂ ತಿಳಿಸುವುದು ಆರ್‌ಎಸ್‌ಒ ಕರ್ತವ್ಯ. 2004ರ ವಿಕಿರಣ ರಕ್ಷಣಾ ನಿಯಮಗಳಲ್ಲೇ ಅದು ಇದೆ. ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಶಿರಸಿಯಿಂದ ಮತ್ತೆ:

ಎಲ್ಲರಿಗೂ ಧನ್ಯವಾದ. ಅಕ್ಕಾ, ಇವತ್ತು ಹೋಗಿ ನೋಡಿದೆ. ಕಂಟ್ರೋಲ್ ಬ್ಯಾಡ್ಜ್ ಎಕ್ಸ್‌ರೇ ಟೇಬಲ್ ಪಕ್ಕದ ಡ್ರಾಯರಿನಲ್ಲೇ ಇತ್ತು, ಹಳೇ ಕವರುಗಳ ಅಡಿಯಲ್ಲಿ. ತೆಗೆದು ಆಫೀಸಿನ ಕಪಾಟಿಗೆ ಸೇರಿಸಿ, ದಿನಾಂಕ ಹಾಕಿ ರಿಜಿಸ್ಟರಿನಲ್ಲಿ ಬರೆದೆ. ಏಪ್ರನ್‌ಗಳನ್ನು ನಾಳೆ ಪರೀಕ್ಷೆ ಮಾಡುತ್ತೇನೆ. ಅದಾದ ಮೇಲೆ ಅರ್ಜಿಗೆ ಸಹಿ.