ಹಿತ್ತಿಲಿನ ಹಣ್ಣುಗಳನ್ನು ಅಳಿಲುಗಳಿಂದ ಉಳಿಸಿಕೊಳ್ಳುವುದು ಹೇಗೆ? (ಕೊಲ್ಲುವ ಉಪಾಯ ಬೇಡ)

ಪ್ರಶ್ನೆ – ಬದಿಯಡ್ಕ ಸಮೀಪದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲಿನಲ್ಲಿ ಎರಡು ಚಿಕ್ಕು ಮರ, ಐದು ವರ್ಷಗಳ ಹಿಂದೆ ನೆಟ್ಟ ರಂಬುಟಾನಿನ ಕಸಿ ಗಿಡ, ಅಡಿಕೆ ತೋಟದ ಅಂಚಿನಲ್ಲಿ ಹತ್ತಿಪ್ಪತ್ತು ಕೊಕ್ಕೊ ಗಿಡಗಳಿವೆ. ರಂಬುಟಾನ್ ಈ ಮಳೆಗಾಲದಲ್ಲಿ ಮೊದಲ ಬಾರಿಗೆ ಗೊಂಚಲು ಗೊಂಚಲಾಗಿ ಕಾಯಿ ಹಿಡಿದಿದೆ. ಬಣ್ಣ ತಿರುಗುತ್ತಿದ್ದಂತೆ ಅಳಿಲುಗಳ ಓಡಾಟವೂ ಶುರುವಾಗಿದೆ. ಚಿಕ್ಕುವಿನ ಬುಡದಲ್ಲಂತೂ ಪ್ರತಿದಿನ ಬೆಳಗ್ಗೆ ಅರ್ಧಂಬರ್ಧ ತಿಂದ ಹಣ್ಣುಗಳು ಬಿದ್ದಿರುತ್ತವೆ. ಮೆಣಸಿನ ಪುಡಿ ಕಲಸಿದ ನೀರನ್ನು ಎರಡು ಸಲ ಸಿಂಪಡಿಸಿದೆ, ಆದರೆ ಒಂದೇ ಮಳೆಗೆ ಎಲ್ಲವೂ ತೊಳೆದುಹೋಯಿತು. ನೆರೆಯವರು ವಿಷವಿಡಲು ಹೇಳುತ್ತಿದ್ದಾರೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಮಾಡಿನ ಮೂಲೆಯಲ್ಲಿ ಒಂದು ಅಳಿಲು ತೆಂಗಿನ ನಾರನ್ನೂ ನಮ್ಮ ಹಳೆಯ ಗೋಣಿಯ ನೂಲನ್ನೂ ಬಾಯಲ್ಲಿ ಕಚ್ಚಿಕೊಂಡು ಹೋಗಿ ಗೂಡು ಕಟ್ಟಿದ್ದು, ಅದನ್ನು ಮುಟ್ಟಬಾರದೆಂದು ಅತ್ತೆಯವರ ಕಟ್ಟಪ್ಪಣೆಯೂ ಇದೆ. ಅನುಭವವಿರುವವರು ದಾರಿ ತಿಳಿಸಬೇಕು.

ಉತ್ತರ – ಪೆರ್ಲದಿಂದ

ಅಕ್ಕನವರೇ, ಮೊದಲು ಒಂದು ಸಂಶಯವನ್ನು ಪರಿಹರಿಸಿಕೊಳ್ಳಿ. ಅಳಿಲು ಹಗಲಿನ ಪ್ರಾಣಿ, ಕತ್ತಲಾದರೆ ಗೂಡು ಸೇರುತ್ತದೆ. ನಿಮ್ಮ ಚಿಕ್ಕು ಬೆಳಗ್ಗೆ ಬಿದ್ದಿರುವುದಾದರೆ ಅದು ಬಾವಲಿಯ ಕೆಲಸವಿರಬಹುದು. ಸಂಜೆ ಬುಡವನ್ನು ಚೊಕ್ಕವಾಗಿ ಗುಡಿಸಿಟ್ಟು, ಬೆಳಕು ಹರಿಯುವಾಗಲೇ ಹೋಗಿ ನೋಡಿ.

ಯಾರ ಕೆಲಸವಾದರೂ ಚಿಕ್ಕುವಿಗೆ ಪರಿಹಾರ ಸುಲಭವಾಗಿದೆ, ಏಕೆಂದರೆ ಬಲಿತ ಕಾಯಿಯನ್ನು ಕೊಯ್ದಿಟ್ಟರೆ ಅದು ಮನೆಯೊಳಗೇ ಹಣ್ಣಾಗುತ್ತದೆ. ಕಾಯಿಯ ಮೈಮೇಲಿನ ಕಂದು ಹುಡಿ ಉದುರಿ ಸಿಪ್ಪೆ ನಯವಾಗಿದ್ದರೆ ಉಗುರಿನಿಂದ ಸ್ವಲ್ಪ ಗೀರಿ ನೋಡಿ: ಹಸಿರು ಕಂಡರೆ ಇನ್ನೂ ಬಿಡಬೇಕು, ಹಳದಿ ಕಂಡು ಹಾಲು ಕಡಿಮೆ ಬಂದರೆ ಕೊಯ್ಯಬಹುದು. ಬೈಹುಲ್ಲಿನಲ್ಲಿ ಮುಚ್ಚಿಟ್ಟರೆ ಸುಮಾರು ಒಂದು ವಾರದೊಳಗೆ ತಿನ್ನಲು ಸಿಗುತ್ತದೆ. ರಂಬುಟಾನಿಗೆ ಈ ಉಪಾಯ ನಡೆಯುವುದಿಲ್ಲ. ಕೊಯ್ದ ಮೇಲೆ ಅದು ಸ್ವಲ್ಪವೂ ಸಿಹಿಯಾಗುವುದಿಲ್ಲವಾದ್ದರಿಂದ ಮರದಲ್ಲೇ ಕಾಪಾಡಬೇಕಾಗುತ್ತದೆ.

ಕೊಕ್ಕೊದಲ್ಲಿಯೂ ಕಳ್ಳ ಯಾರೆಂದು ನೋಡಿ. ಇಲಿ ಸಾಮಾನ್ಯವಾಗಿ ತೊಟ್ಟಿನ ಹತ್ತಿರ ಕೊರೆಯುತ್ತದೆ, ಅಳಿಲು ಕೋಡಿನ ನಡುಭಾಗದಲ್ಲಿ. ಅಳಿಲಿಗೆ ಬೇಕಾದದ್ದು ಬೀಜದ ಸುತ್ತಲಿನ ಸಿಹಿ ಲೋಳೆಯಾದುದರಿಂದ ಅದು ಹಣ್ಣಾದ ಕೋಡನ್ನೇ ಹುಡುಕುತ್ತದೆ. ಹಣ್ಣಾದ ಕೋಡುಗಳನ್ನು ಮರದಲ್ಲಿ ಉಳಿಸದೆ ಹೊತ್ತಿಗೆ ಸರಿಯಾಗಿ ಕೊಯ್ಯಬೇಕೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಸಲಹೆ ಕೊಡುವುದು ಇದೇ ಕಾರಣಕ್ಕೆ. ನಾವು 15 ದಿನಗಳಿಗೊಮ್ಮೆ ತಪ್ಪದೆ ಕೊಯ್ಯಲು ಆರಂಭಿಸಿದ ಮೇಲೆ ನಷ್ಟ ಬಹಳ ಕಡಿಮೆಯಾಗಿದೆ.

ಉತ್ತರ – ಮುಳ್ಳೇರಿಯದಿಂದ

ರಂಬುಟಾನಿಗೆ ದಯವಿಟ್ಟು ತೆಳುವಾದ ನೈಲಾನ್ ಬಲೆಯನ್ನು ಹೊದಿಸಬೇಡಿ. ಎರಡು ವರ್ಷಗಳ ಹಿಂದೆ ನಾನು ಆ ತಪ್ಪನ್ನು ಮಾಡಿದ್ದೆ. ಬಲೆಯ ಅಂಚು ನೆಲಕ್ಕೆ ತಾಗುತ್ತಿತ್ತು. ಮೂರನೆಯ ದಿನ ಅದರಲ್ಲಿ ಒಂದು ಕೇರೆ ಹಾವು ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಹೆಣಗಾಡಿದಷ್ಟೂ ನೂಲು ಹುರುಪೆಗಳ ಅಡಿಗೆ ಇಳಿದು ಬಿಗಿಯುತ್ತಿತ್ತು. ಅಣ್ಣ ಅದರ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ ಹಿಡಿದುಕೊಂಡರು, ನಾನು ಹೊಲಿಗೆಯ ಕತ್ತರಿಯಿಂದ ಒಂದೊಂದೇ ಎಳೆಯನ್ನು ಕತ್ತರಿಸಿದೆ. ಅರ್ಧ ಗಂಟೆ ಹಿಡಿಯಿತು. ಹಾವು ಹರಿದು ಹೋಯಿತಾದರೂ ನಡುವಿನಲ್ಲಿ ಗಾಯವಾಗಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಲಿಗಳನ್ನು ಹಿಡಿದು ತಿನ್ನುವ ಕೇರೆಯನ್ನೇ ನಾವು ಕಳೆದುಕೊಳ್ಳುತ್ತಿದ್ದೆವು.

ಅಲ್ಲದೆ, ಅಳಿಲಿನ ಮುಂದಿನ ಹಲ್ಲುಗಳು ಸದಾ ಬೆಳೆಯುತ್ತಲೇ ಇರುವುದರಿಂದ ಅದು ಕಚ್ಚುವುದನ್ನು ನಿಲ್ಲಿಸುವುದಿಲ್ಲ, ಪ್ಲಾಸ್ಟಿಕ್ ಬಲೆ ಅದಕ್ಕೆ ಲೆಕ್ಕವೇ ಇಲ್ಲ. ಅರ್ಧ ಇಂಚು ಕಣ್ಣಿನ ಕಬ್ಬಿಣದ ಬಲೆಯನ್ನು ಕತ್ತರಿಸಿ ಬುಟ್ಟಿಯಂತೆ ಸುತ್ತಿ, ಗೊಂಚಲು ಒಳಗೆ ಬರುವಂತೆ ಮಾಡಿ, ಭಾರವು ತೊಟ್ಟಿನ ಮೇಲೆ ಬೀಳದ ಹಾಗೆ ಕೊಂಬೆಗೆ ಕಟ್ಟಿ. ಎಲ್ಲ ಗೊಂಚಲುಗಳಿಗೂ ಆಗಲಿಕ್ಕಿಲ್ಲ. ಕೈಗೆಟಕುವಷ್ಟನ್ನು ಉಳಿಸಿಕೊಳ್ಳಿ, ಕೊಯ್ಲಾದ ಮೇಲೆ ಗಿಡವನ್ನು ಸವರಿ ಕುಳ್ಳಗೆ ಬೆಳೆಸಿ.

ಉತ್ತರ – ಮಂಜೇಶ್ವರದಿಂದ

ಬಿಡಿಯಾಗಿ ನಿಂತ ಮರವಾದರೆ ಕಾಂಡಕ್ಕೆ ಆಳೆತ್ತರದಲ್ಲಿ ಒಂದೂವರೆ ಅಡಿ ಅಗಲದ ನಯವಾದ ತಗಡನ್ನು ಸುತ್ತಬಹುದು, ಉಗುರಿಗೆ ಹಿಡಿತ ಸಿಗುವುದಿಲ್ಲ. ಆದರೆ ಪಕ್ಕದ ಅಡಿಕೆ ಮರದಿಂದಲೋ ಮಾಡಿನಿಂದಲೋ ಹಾರಿ ಬರುವಷ್ಟು ಹತ್ತಿರವಿದ್ದರೆ ತಗಡು ವ್ಯರ್ಥ. ಸುತ್ತಲೂ ಎಂಟು ಹತ್ತು ಅಡಿ ತೆರವಿರಲಿ. ಕಾಂಡ ದಪ್ಪವಾದಂತೆ ತಗಡನ್ನು ಸಡಿಲಿಸುತ್ತಿರಬೇಕು.

ಗೂಡಿನಲ್ಲಿ ಮರಿಗಳಿರುವ ಸಾಧ್ಯತೆ ಇರುವುದರಿಂದ ಬೋನಿನಲ್ಲಿ ಹಿಡಿದು ದೂರ ಬಿಡುವ ಯೋಚನೆ ಬೇಡ. ತಾಯಿ ಹೋದರೆ ಮರಿಗಳು ಹಸಿವಿನಿಂದ ಸಾಯುತ್ತವೆ, ತೆರವಾದ ಜಾಗಕ್ಕೆ ಬೇರೆ ಅಳಿಲು ಬರುತ್ತದೆ. ಮರಿಗಳು ತಾವಾಗಿ ಹೊರಗೆ ಓಡಾಡಿ ಗೂಡು ಬರಿದಾದ ಮೇಲೆ ಮಾಡಿನ ಸಂದಿಯನ್ನು ಮುಚ್ಚಿ. ವಿಷವಂತೂ ಬೇಡವೇ ಬೇಡ. ವಿಷ ತಿಂದ ಇಲಿಯನ್ನು ಹಿಡಿದ ಬೆಕ್ಕಿಗೂ ಗೂಬೆಗೂ ಅಪಾಯವಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಪೆರ್ಲದ ಅಣ್ಣನವರು ಹೇಳಿದಂತೆ ನಿನ್ನೆ ಸಂಜೆ ಬುಡವನ್ನು ಗುಡಿಸಿ, ಇಂದು ಬೆಳಕು ಹರಿಯುವ ಮೊದಲು ಟಾರ್ಚು ಹಿಡಿದು ಹೋದೆ. ಏಳು ಚಿಕ್ಕು ಬಿದ್ದಿದ್ದವು, ಅಳಿಲುಗಳಿನ್ನೂ ಎದ್ದಿರಲಿಲ್ಲ. ಬಲಿತ ಮೂವತ್ತೆರಡು ಕಾಯಿಗಳನ್ನು ಕೊಯ್ದು ಹುಲ್ಲಿನಲ್ಲಿ ಮುಚ್ಚಿಟ್ಟಿದ್ದೇನೆ. ನಾಳೆ ಕಬ್ಬಿಣದ ಬಲೆ ತರಲು ಪೇಟೆಗೆ ಹೋಗುವುದಿದೆ. ಒಂದು ಗೊಂಚಲಿಗೆ ಎಷ್ಟು ಉದ್ದದ ತುಂಡು ಬೇಕಾಗುತ್ತದೆಂದು ಮುಳ್ಳೇರಿಯದವರು ತಿಳಿಸಿದರೆ ಉಪಕಾರವಾಗುತ್ತದೆ.