ಅಪ್‌ಡೇಟ್: ಕ್ಲಿನಿಕ್‌ನಲ್ಲಿ ನಾರ್ಮಲ್, ಮನೆಯಲ್ಲಿ ಹೈ ಬಿಪಿ – ಕೊನೆಗೆ ಗೊತ್ತಾಗಿದ್ದು

ಹೋದ ವಾರ ಕೇಳಿದ್ದೆ: ಕ್ಲಿನಿಕ್‌ನಲ್ಲಿ 128/82, ಮನೆಯ ಮಷಿನ್‌ನಲ್ಲಿ 150ರ ಮೇಲೆ, ತಲೆನೋವು ತಲೆಸುತ್ತು ಏನೂ ಇಲ್ಲ; ಯಾವುದನ್ನು ನಂಬೋದು? ಉತ್ತರ ಸಿಕ್ಕಿದೆ.

ಇಲ್ಲಿ ಬಂದ ಸಲಹೆಗಳನ್ನು ಒಂದೊಂದಾಗಿ ನೋಡಿದೆ. ಬ್ಯಾಟರಿ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಮಣಿಕಟ್ಟಿನ ಮಷಿನ್ ಇನ್ನಷ್ಟು ಗೊಂದಲ ಮಾಡಿತು. ಕಫ್ (ಕೈಗೆ ಸುತ್ತೋ ಪಟ್ಟಿ) ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸಾಕು, ರೀಡಿಂಗ್ 7–8 ಏರುತ್ತೆ. ಕೆಲಸಕ್ಕೆ ಬಂದಿದ್ದು ಕಫ್ ಅಳತೆ ನೋಡಿ ಅಂದವರ ಸಲಹೆ. ಭುಜ ಮತ್ತು ಮೊಣಕೈ ಮಧ್ಯೆ ಟೇಪ್ ಸುತ್ತಿದರೆ 35 ಸೆಂ.ಮೀ.; ಕಫ್ ಮೇಲೆ ಬರೆದಿದ್ದು 22–32. ಚಿಕ್ಕ ಕಫ್ ಬಿಪಿಯನ್ನು ಹೆಚ್ಚಾಗಿಯೇ ತೋರಿಸುತ್ತೆ. ದೊಡ್ಡದು ಹಾಕಿ, ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ 5 ನಿಮಿಷ ಸುಮ್ಮನೆ ಕೂತು, ಕಾಲ ಮೇಲೆ ಕಾಲು ಹಾಕದೆ, ಮಾತಾಡದೆ, ಬೆಳಗ್ಗೆ ಸಂಜೆ ಎರಡೆರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ನೋಡಿದೆ. ಹೀಗೆ 7 ದಿನ, ಮೊದಲ ದಿನದ್ದು ಬಿಟ್ಟು ಸರಾಸರಿ.

ಬಂದಿದ್ದು 141/89. ಇಳಿಯಿತು ನಿಜ, ಆದರೆ 140/90 ಕ್ಲಿನಿಕ್‌ನ ಮಿತಿ, ಮನೆಯಲ್ಲಿ ನೋಡಿದಾಗ ಮಿತಿ 135/85! ಇದು ಗೊತ್ತೇ ಇರಲಿಲ್ಲ. ಡಾಕ್ಟರ್ 24 ಗಂಟೆಯ ಮಾನಿಟರ್ ಕಟ್ಟಿಸಿ, ಬಿಪಿ ಇದೆ ಅಂತ ಖಚಿತ ಮಾಡಿದರು. ಕ್ಲಿನಿಕ್‌ನಲ್ಲಿ ಅಡಗಿಕೊಂಡು ಹೊರಗೆ ಕಾಣೋ ಇದಕ್ಕೆ ಮಾಸ್ಕ್ಡ್ ಹೈಪರ್‌ಟೆನ್ಷನ್ ಅಂತಾರಂತೆ. ಲಕ್ಷಣಕ್ಕೆ ಕಾಯುತ್ತಾ ಕೂತಿದ್ದರೆ ಗೊತ್ತೇ ಆಗ್ತಿರಲಿಲ್ಲ.

ಇನ್ನೊಂದು: ಮೊದಲ ಸಲ ಎರಡೂ ತೋಳು ನೋಡಿ, ಹೆಚ್ಚು ಬಂದ ತೋಳಲ್ಲೇ ಮುಂದುವರಿಸಿ.