ಕಾರವಾರದ ಹಳೇ ಔಟ್‌ಬೋರ್ಡ್ ಸೂಪಾ ಹಿನ್ನೀರಲ್ಲಿ ಎಳೆಯುತ್ತಿಲ್ಲ, ಜೆಟ್ ಬದಲಿಸಬೇಕಾ?

ಕೋಡಿಬಾಗದವ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 15 ಎಚ್‌ಪಿಯ ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್) ಇದೆ. ಪೆಟ್ರೋಲ್ ಇಂಜಿನ್, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಒಂದೇ. ಕಾಳಿ ನದಿಯಲ್ಲಿ, ಸದಾಶಿವಗಡದ ಸೇತುವೆಯಿಂದ ಅಳಿವೆವರೆಗೆ ಓಡಿಸುತ್ತೇನೆ. ಅಲ್ಲಿ ಒಂದು ತಕರಾರೂ ಇಲ್ಲ. ಜೋಯಿಡಾದಲ್ಲಿರುವ ಭಾವ ಸೂಪಾ ಹಿನ್ನೀರಲ್ಲಿ ದೋಣಿ ಓಡಿಸಲು ಪರವಾನಗಿ ಪಡೆದಿದ್ದಾರೆ. ಅದಕ್ಕೆ ದೋಣಿ, ಇಂಜಿನ್ ಎರಡನ್ನೂ ಪಿಕಪ್‌ನಲ್ಲಿ ಕಟ್ಟಿಕೊಂಡು ಅಣಶಿ ಘಾಟಿ ಹತ್ತಿಸಿ ಒಯ್ದೆವು.

ಅಲ್ಲಿ ನೀರಿಗಿಳಿಸಿದ ಮೇಲೆ ಇಂಜಿನ್ ಬೇರೆಯದೇ ಅನ್ನಿಸುತ್ತಿದೆ. ಹೊಗೆ ಜಾಸ್ತಿ. ನಿಧಾನಕ್ಕೆ ಓಡುವಾಗ ಗುಡುಗುಡು ಅಂದು ನಿಂತೇ ಹೋಗುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೂ 4200 ಆರ್‌ಪಿಎಂ ದಾಟುವುದಿಲ್ಲ. ಕೆಳಗೆ ಇದೇ ದೋಣಿಯಲ್ಲಿ ಇಷ್ಟೇ ಜನ ಕೂತಾಗ 5000 ಬರುತ್ತಿತ್ತು. ಎತ್ತರಕ್ಕೆ ಕಾರ್ಬೊರೇಟರ್ ಟ್ಯೂನ್ ಮಾಡಬೇಕು ಅಂತಾರೆ. ಎಲ್ಲಿಂದ ಶುರು ಮಾಡಲಿ?

ಶಿರಸಿ ಮಾಣಿ:
ಘಟ್ಟದ ಮೇಲೆ ಗಾಳಿ ತೆಳು ಅಲ್ವಾ ಅಣ್ಣ, ಅದಕ್ಕೇ ಪೆಟ್ರೋಲ್ ಹೆಚ್ಚಾಗುತ್ತಿದೆ. ಮೇನ್ ಜೆಟ್, ಅಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಹಿತ್ತಾಳೆ ತೂತು, ಒಂದು ಸೈಜ್ ಸಣ್ಣದು ಹಾಕಿ ನೋಡಿ. ಲಡಾಖಿಗೆ ಹಳೇ ಬೈಕ್ ಒಯ್ಯುವವರು ಹಾಗೇ ಮಾಡುತ್ತಾರೆ.

ಬೈತಖೋಲ್ ಮಿಸ್ತ್ರಿ:
ದಯವಿಟ್ಟು ಈಗಲೇ ಜೆಟ್ ಮುಟ್ಟಬೇಡಿ. ಮೊದಲು ಲೆಕ್ಕ ಹಾಕೋಣ.

ಸೂಪಾ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 564 ಮೀಟರ್ ಎತ್ತರ. ಅಲ್ಲಿ ಗಾಳಿ ನೂರಕ್ಕೆ ಐದು ಪಾಲಿನಷ್ಟು ತೆಳು. ಕಾರ್ಬೊರೇಟರ್ ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ಕಮ್ಮಿ ಮಾಡುವುದಿಲ್ಲ, ಹಾಗಾಗಿ ಮಿಶ್ರಣ ನೂರಕ್ಕೆ ಎರಡು ಮೂರರಷ್ಟು ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ಅಷ್ಟಕ್ಕೆ ಇಂಜಿನ್ ನಿಲ್ಲುವುದಿಲ್ಲ. ಆರ್‌ಪಿಎಂ ನೂರು, ನೂರೈವತ್ತು ಇಳಿದರೆ ಅದು ಎತ್ತರದ ಕೆಲಸ. ಸಿಹಿನೀರು ಉಪ್ಪುನೀರಿಗಿಂತ ಹಗುರ, ದೋಣಿ ಒಂಚೂರು ಜಾಸ್ತಿ ಮುಳುಗುತ್ತದೆ, ಅದರದ್ದೂ ಸ್ವಲ್ಪ ಪಾಲಿರಬಹುದು. ಆದರೆ ನಿಮ್ಮದು ಬರೋಬ್ಬರಿ 800 ಇಳಿದಿದೆ. ಅದಕ್ಕೆ ಬೇರೆ ಕಾರಣ ಇದೆ.

ನಿಧಾನದಲ್ಲೂ ತೊಂದರೆ, ವೇಗದಲ್ಲೂ ತೊಂದರೆ ಅಂದಿರಿ. ಮೇನ್ ಜೆಟ್ಟಿನ ಕೆಲಸ ಥ್ರಾಟಲ್ ಜಾಸ್ತಿ ತೆರೆದಾಗ. ಐಡಲ್‌ನಲ್ಲಿ (ಥ್ರಾಟಲ್ ಕೊಡದೆ ನಿಧಾನ ಓಡುವಾಗ) ಅದರ ಪಾತ್ರ ಇಲ್ಲವೇ ಇಲ್ಲ ಅನ್ನಬಹುದು. ಎರಡೂ ಕಡೆ ರಿಚ್ ಆದರೆ ಚೋಕ್ (ತಣ್ಣಗಿನ ಇಂಜಿನ್ ಶುರು ಮಾಡುವಾಗ ಗಾಳಿ ತಡೆಯುವ ತಗಡು) ಪೂರ್ತಿ ತೆರೆಯುತ್ತಿಲ್ಲ, ಇಲ್ಲವೇ ಕಾರ್ಬೊರೇಟರ್ ಬಟ್ಟಲಿಗೆ ಪೆಟ್ರೋಲ್ ಬರುವುದನ್ನು ನಿಲ್ಲಿಸುವ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ. ಹೀಗೆ ನೋಡಿ:

ಇಂಜಿನ್ ನ್ಯೂಟ್ರಲ್‌ನಲ್ಲಿ ಸ್ವಲ್ಪ ಏರಿಸಿ ಓಡುತ್ತಿರಲಿ, ಟ್ಯಾಂಕಿನ ಪೈಪ್ ಬಿಚ್ಚಿ. ಬಟ್ಟಲಿನ ಪೆಟ್ರೋಲ್ ಇಳಿಯುತ್ತಾ ಹೋಗಿ, ನಿಲ್ಲುವ ಮೊದಲು ಇಂಜಿನ್ ಒಮ್ಮೆ ಚುರುಕಾದರೆ ಮಿಶ್ರಣ ರಿಚ್ ಇತ್ತು ಅಂತಲೇ ಅರ್ಥ. ಆಮೇಲೆ ಪ್ಲಗ್ ಬಿಚ್ಚಿ. ತುದಿ ಕಾಫಿಪುಡಿ ಬಣ್ಣ ಇದ್ದರೆ ಸರಿ. ಒದ್ದೆಯಾಗಿ ಕಪ್ಪಾಗಿದ್ದರೆ ಮುಂದಿನ ಕವರ್ ತೆಗೆದು, ಚೋಕ್ ನಾಬ್ ಪೂರ್ತಿ ಒತ್ತಿ, ಒಳಗಿನ ತಗಡು ಎಲ್ಲಿ ನಿಲ್ಲುತ್ತದೆ ನೋಡಿ. ಟೂ ಟಿ ಆಯಿಲ್ ಎಷ್ಟು ಹಾಕಿದ್ದೀರಿ? 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ. ಅಳತೆ ಇಲ್ಲದೆ ಸುರಿದರೂ ಹೊಗೆ ಬರುತ್ತದೆ.

ಇನ್ನು ಜೆಟ್ ವಿಷಯ. ಟೂ ಸ್ಟ್ರೋಕ್‌ಗೆ ಆಯಿಲ್ ಬರುವುದೇ ಪೆಟ್ರೋಲ್ ಜತೆ. ಜೆಟ್ ಸಣ್ಣದಾದರೆ ಆಯಿಲೂ ಕಮ್ಮಿ, ಬಿಸಿಯೂ ಜಾಸ್ತಿ. ಅದೇ ಇಂಜಿನ್ ಕೆಳಗೆ ತಂದು ಅಳಿವೆ ಬಾಯಲ್ಲಿ ಅಲೆಗೆ ಎದುರಾಗಿ ಪೂರ್ತಿ ಥ್ರಾಟಲ್ ಕೊಟ್ಟರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸಿಲಿಂಡರ್ ಗೋಡೆ ಮೇಲೆ ಅಲ್ಯೂಮಿನಿಯಂ ಉದ್ದುದ್ದ ಗೆರೆಯಾಗಿ ಅಂಟಿರುತ್ತದೆ, ಉಗುರಿಗೆ ಸಿಗುತ್ತದೆ. ಅಂಥ ಇಂಜಿನ್ ನನ್ನ ಮೇಜಿನ ಮೇಲೆ ಬಿಚ್ಚಿದ್ದೇನೆ. ಅಳಿವೆಯಲ್ಲಿ ಇಂಜಿನ್ ನಿಂತರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಿವೃತ್ತ ಸೈನಿಕ, ಕುಮಟಾ:
ಮಿಸ್ತ್ರಿಯವರು ಹೇಳಿದ್ದು ಸರಿ. ನಾನು ಸೇನೆಯಲ್ಲಿದ್ದಾಗ ಲೇಹ್ ಕಡೆ ಔಟ್‌ಬೋರ್ಡ್ ನೋಡಿಕೊಳ್ಳುತ್ತಿದ್ದೆ. ಅದು ಸುಮಾರು 3500 ಮೀಟರ್, ಗಾಳಿ ನೂರಕ್ಕೆ ಮೂವತ್ತು ಪಾಲು ತೆಳು. ಅಲ್ಲಿ ಜೆಟ್ ಸಣ್ಣದು ಹಾಕದೆ ಗತಿಯಿಲ್ಲ, ಪ್ಲಗ್ ಮಸಿ ಹಿಡಿದು ಸಾಯುತ್ತದೆ. ಆದರೆ ಜೆಟ್ ಹಾಕಿದ ಮಾತ್ರಕ್ಕೆ ಹೋದ ಶಕ್ತಿ ವಾಪಸ್ ಬರುವುದಿಲ್ಲ. ಸಿಲಿಂಡರಿಗೆ ಗಾಳಿಯೇ ಇಲ್ಲವಲ್ಲ. ಅದಕ್ಕೆ ಕಮ್ಮಿ ಪಿಚ್ (ಒಂದು ಸುತ್ತಿಗೆ ಮುಂದೆ ತಳ್ಳುವ ದೂರ) ಇರುವ ಪ್ರೊಪೆಲ್ಲರ್ ಹಾಕಬೇಕು, ಭಾರ ಇಳಿಸಬೇಕು. ಒಳಗೆ ಯಾವ ನಂಬರ್ ಜೆಟ್ ಇದೆ ಅಂತ ತಗಡಿನ ಬಿಲ್ಲೆಯಲ್ಲಿ ಕೊರೆದು ಇಂಜಿನ್ನಿಗೇ ಕಟ್ಟುತ್ತಿದ್ದೆವು. ಆ ಬಿಲ್ಲೆ ನೋಡದೆ ಯಾವ ಇಂಜಿನ್ನೂ ಕೆಳಗೆ ಹೋಗುತ್ತಿರಲಿಲ್ಲ. ಇನ್ನೊಂದು, ಜೆಟ್ ತೂತಿಗೆ ತಂತಿ ಹಾಕಿ ಚೊಕ್ಕ ಮಾಡಬೇಡಿ. ಹಿತ್ತಾಳೆ ಮೆತು, ತೂತು ಅಗಲವಾಗುತ್ತದೆ.

ಕೋಡಿಬಾಗದವ:
ಮಿಸ್ತ್ರಿ ಅಣ್ಣ, ನೀವು ಹೇಳಿದ್ದೇ ಆಯಿತು. ಪ್ಲಗ್ ಎರಡೂ ಒದ್ದೆ, ಕಪ್ಪು. ಕವರ್ ತೆಗೆದರೆ ಚೋಕ್ ತಗಡು ಅರ್ಧಕ್ಕೇ ಓರೆಯಾಗಿ ನಿಂತಿತ್ತು. ನಾಬ್ ಒತ್ತಿದರೂ ಅಲ್ಲಾಡಲಿಲ್ಲ. ಪಿಕಪ್‌ನಲ್ಲಿ ಹಗ್ಗದ ಎಳೆತಕ್ಕೆ ಕಂಬಿ ಬಾಗಿರಬೇಕು. ಇಕ್ಕಳದಲ್ಲಿ ನೆಟ್ಟಗೆ ಮಾಡಿ ಹೊಸ ಪ್ಲಗ್ ಹಾಕಿದೆ. ಈಗ 4900 ಬರುತ್ತಿದೆ, ಹೊಗೆಯೂ ಇಳಿದಿದೆ. ಐಡಲ್ ಮಾತ್ರ ಇನ್ನೂ ಒಂಚೂರು ಭಾರ. ಪ್ರೊಪೆಲ್ಲರ್ ಬದಲಿಸಬೇಕಾ?

ಬೈತಖೋಲ್ ಮಿಸ್ತ್ರಿ:
ಬಹಳ ಒಳ್ಳೆಯದಾಯಿತು. ಇಂಥ ಇಂಜಿನ್ನುಗಳಿಗೆ ಪೂರ್ತಿ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ 4500ರಿಂದ 5500 ಇರಬೇಕು. 4900 ಅಂದರೆ ಸರಿಯಾಗಿದೆ, ಈಗಿನ ಪ್ರೊಪೆಲ್ಲರ್ ಇರಲಿ. ಜನ ಜಾಸ್ತಿ ಹತ್ತಿ 4500ಕ್ಕಿಂತ ಕೆಳಗೆ ಬಂದರೆ ಒಂದು ಇಂಚು ಕಮ್ಮಿ ಪಿಚ್‌ನದ್ದು ಹಾಕಿ, 150-200 ಏರುತ್ತದೆ.

ಐಡಲ್‌ಗೆ ಸಣ್ಣ ಸ್ಕ್ರೂ ಇದೆ. ಅದು ಗಾಳಿ ಒಳಗೆ ಬರುವ ಬಾಯಿ ಕಡೆ ಇದ್ದರೆ ಏರ್ ಸ್ಕ್ರೂ, ಸಡಿಲ ಮಾಡಿದರೆ ಲೀನ್, ಅಂದರೆ ಪೆಟ್ರೋಲ್ ಪಾಲು ಕಮ್ಮಿ. ಇಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಬಿಗಿ ಮಾಡಿದರೆ ಲೀನ್. ಮೊದಲು ನಿಧಾನಕ್ಕೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಜೋರಾಗಿ ಬಿಗಿ ಮಾಡಬೇಡಿ, ತುದಿ ಹಾಳಾಗುತ್ತದೆ. ವಾಪಸ್ ಅಷ್ಟೇ ಸುತ್ತು ತೆಗೆದು, ಇಂಜಿನ್ ಬಿಸಿಯಾದ ಮೇಲೆ ಕಾಲು ಸುತ್ತಿನೊಳಗೇ ಆಚೀಚೆ ಮಾಡಿ. ಕಾರವಾರಕ್ಕೆ ತಂದ ದಿನ ಬರೆದಿಟ್ಟ ಸುತ್ತಿಗೇ ಇಡಿ. ತರುವಾಗ ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿ, ಹಗ್ಗ ಬ್ರಾಕೆಟ್ಟಿಗೆ ಕಟ್ಟಿ.